ಎರಡನೇ ಸಹಿಯ ಹೊಣೆ: ಗ್ರೀನ್ ಕಾರ್ಡ್ ಪಡೆದ ಸಂಗಾತಿ ಮತ್ತು ಅಮೆರಿಕದ ತೆರಿಗೆ

ಅಮೆರಿಕದ ಆದಾಯ ತೆರಿಗೆ ರಿಟರ್ನ್‌ಗೆ ಫಾರಂ 1040 ಎಂದು ಹೆಸರು. ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ ಅದರ ಕೊನೆಯಲ್ಲಿ ಇಬ್ಬರೂ ಸಹಿ ಹಾಕಬೇಕು, ಸಹಿಯ ಪಕ್ಕದಲ್ಲಿ ಉದ್ಯೋಗವನ್ನೂ ಬರೆಯಬೇಕು. ಎಷ್ಟೋ ಕನ್ನಡದ ಮನೆಗಳ ರಿಟರ್ನ್‌ನಲ್ಲಿ ಎರಡನೇ ಸಹಿಯ ಪಕ್ಕ ‘ಹೋಮ್‌ಮೇಕರ್’ ಎಂದಿರುತ್ತದೆ. ಈಗಂತೂ ಪೆನ್ನು ಹಿಡಿದು ಸಹಿ ಮಾಡುವವರು ಕಡಿಮೆ. ಸಾಫ್ಟ್‌ವೇರ್ ಕೇಳುವ ಐದಂಕಿಯ ಪಿನ್ನೇ ಸಹಿ. ಮಾರ್ಚ್ ತಿಂಗಳ ಯಾವುದೋ ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂತ ಗಂಡ ತನ್ನ ಪಿನ್ ಒತ್ತಿ, ಹೆಂಡತಿಯದನ್ನೂ ತಾನೇ ಒತ್ತಿ, ‘ಟ್ಯಾಕ್ಸ್ ಫೈಲ್ ಆಯ್ತು’ ಎಂದು ಏಳುತ್ತಾನೆ. ಆ ಸಹಿಯ ಮೇಲೊಂದು ಘೋಷಣೆ ಇದೆ: ಈ ರಿಟರ್ನನ್ನು ನಾನು ಪರಿಶೀಲಿಸಿದ್ದೇನೆ, ನಾನು ತಿಳಿದ ಮಟ್ಟಿಗೆ ಇದು ಸತ್ಯ ಮತ್ತು ಪೂರ್ಣ, ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ ಎಂದು. ಆಕೆ ಅದನ್ನು ಓದಿರುವುದೇ ಇಲ್ಲ.

ಕಾನೂನಿನ ಕಣ್ಣಿಗೆ ಮೊದಲನೇ ಸಹಿ, ಎರಡನೇ ಸಹಿ ಎಂಬ ಭೇದವಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ಸಂಗಾತಿ, ಒಂದು ಡಾಲರೂ ದುಡಿಯದಿದ್ದರೂ, ಅಮೆರಿಕದ ಪೂರ್ಣ ತೆರಿಗೆದಾರರೇ. ಮನೆಯೊಳಗೆ ಮಾತ್ರ ತೆರಿಗೆಯೆಂದರೆ ಸಂಬಳ ತರುವವರ ಕೆಲಸ. ಈ ವಿಷಯದಲ್ಲಿ ನನಗೆ ಕಾಣುವ ಹೆಚ್ಚಿನ ತೊಂದರೆಗಳೆಲ್ಲ ಹುಟ್ಟುವುದು ಈ ಎರಡು ತಿಳಿವಳಿಕೆಗಳ ನಡುವಿನ ಅಂತರದಲ್ಲಿ. ಹೆಂಡತಿ ದುಡಿದು ಗಂಡ ಅವಲಂಬಿತ ವೀಸಾದಲ್ಲಿ ಬಂದ ಮನೆಗಳೂ ಈಗ ಸಾಕಷ್ಟಿವೆ. ಅಲ್ಲಿ ಪಾತ್ರಗಳು ಅದಲುಬದಲಾಗುತ್ತವೆ, ನಿಯಮ ಅದೇ.

ಹೊಣೆ ಯಾವತ್ತಿನಿಂದ ಶುರು ಎಂಬುದು ಮೊದಲ ಪ್ರಶ್ನೆ. ವಿದೇಶಿಯೊಬ್ಬರನ್ನು ತೆರಿಗೆಯ ಮಟ್ಟಿಗೆ ನಿವಾಸಿ ಎಂದು ಕರೆಯಲು 1984ರ ಕಾಯ್ದೆ ಎರಡು ಅಳತೆಗಳನ್ನು ಇಟ್ಟಿತು. ಒಂದು ಗ್ರೀನ್ ಕಾರ್ಡ್, ಇನ್ನೊಂದು ದೇಶದಲ್ಲಿ ಇದ್ದ ದಿನಗಳ ಲೆಕ್ಕ. ಊರಿನಲ್ಲಿದ್ದ ಹೆಂಡತಿ ವಲಸೆ ವೀಸಾ ಪಡೆದು ಸೆಪ್ಟೆಂಬರ್ 20ಕ್ಕೆ ಷಿಕಾಗೋದಲ್ಲಿ ಇಳಿದರೆ, ಆವತ್ತಿನಿಂದಲೇ ಆಕೆ ನಿವಾಸಿ. ಪ್ಲಾಸ್ಟಿಕ್ ಕಾರ್ಡು ಅಂಚೆಯಲ್ಲಿ ಬರುವ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರ ಹಿಂದಿನ ತಿಂಗಳುಗಳಿಗೆ ಆಕೆ ಅನಿವಾಸಿ. ಹೀಗೆ ಒಂದೇ ವರ್ಷ ಎರಡು ತುಂಡಾದಾಗ ವಿಶೇಷ ಆಯ್ಕೆ ಮಾಡಿಕೊಳ್ಳದೆ ಜಂಟಿ ರಿಟರ್ನ್ ಸಲ್ಲಿಸುವಂತಿಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಸಿಗುವುದಿಲ್ಲ.

ಆದರೆ ನಮ್ಮವರಲ್ಲಿ ಬಹುಪಾಲು ಜನ ಬರುವುದು ಈ ದಾರಿಯಲ್ಲಲ್ಲ. ಗಂಡನಿಗೆ ಎಚ್-1ಬಿ, ಹೆಂಡತಿಗೆ ಎಚ್-4. ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚು ವಲಸೆ ವೀಸಾ ಇಲ್ಲವೆಂಬ ಮಿತಿಯಿಂದಾಗಿ ಭಾರತೀಯರ ಸರತಿ ದಶಕ ದಾಟುತ್ತದೆ. ಅಷ್ಟು ವರ್ಷ ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಸಂಸಾರ ಮಾಡಿದ ಎಚ್-4 ಸಂಗಾತಿ ದಿನಗಳ ಲೆಕ್ಕದಲ್ಲಿ ಎಂದೋ ನಿವಾಸಿಯಾಗಿರುತ್ತಾಳೆ. ಈ ವರ್ಷದ ದಿನಗಳಿಗೆ ಕಳೆದ ವರ್ಷದ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ ಆರನೇ ಒಂದು ಪಾಲು ಸೇರಿಸಿದಾಗ 183 ಮುಟ್ಟಿದರೆ ಸಾಕು. ‘ಗ್ರೀನ್ ಕಾರ್ಡ್ ಬಂದ ಮೇಲೆ ಊರಿನ ಆದಾಯ ತೋರಿಸಿದರಾಯ್ತು’ ಎಂಬ ಮಾತನ್ನು ತಿಳಿದವರ ಬಾಯಲ್ಲೂ ಕೇಳುತ್ತೇನೆ. ಇದು ತಪ್ಪು. ಗ್ರೀನ್ ಕಾರ್ಡ್ ಅವರಿಗೆ ಹೊಸ ಹೊಣೆ ತರುವುದಿಲ್ಲ, ಇದ್ದ ಹೊಣೆಯನ್ನು ಕಳಚಲಾಗದಂತೆ ಗಟ್ಟಿ ಮಾಡುತ್ತದೆ. ದಿನಗಳ ಲೆಕ್ಕವಾದರೆ ದೇಶ ಬಿಟ್ಟರೆ ಮುಗಿಯುತ್ತದೆ. ಗ್ರೀನ್ ಕಾರ್ಡ್‌ನ ಹೊಣೆ ದೇಶ ಬಿಟ್ಟರೂ ಮುಗಿಯುವುದಿಲ್ಲ.

ಒಂದು ಸಣ್ಣ ಆದರೆ ಮರೆಯಬಾರದ ಕೆಲಸ ಇಲ್ಲೇ ಇದೆ. ಎಚ್-4ನಲ್ಲಿದ್ದವರಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ, ತೆರಿಗೆಗಷ್ಟೇ ಬಳಸುವ ಐಟಿಐಎನ್ ಇರುತ್ತದೆ. ಕೆಲಸದ ಪರವಾನಗಿಯೋ ಗ್ರೀನ್ ಕಾರ್ಡೋ ಬಂದು ಸೋಷಿಯಲ್ ನಂಬರ್ ಸಿಕ್ಕಿದ ಮೇಲೆ ಹಳೆಯ ಐಟಿಐಎನ್ ಬಳಸಬಾರದು. ತೆರಿಗೆ ಇಲಾಖೆಗೆ ಪತ್ರ ಬರೆದು ಎರಡೂ ದಾಖಲೆಗಳನ್ನು ಒಂದುಗೂಡಿಸಲು ಕೇಳಬೇಕು.

ಜಂಟಿಯೋ, ಪ್ರತ್ಯೇಕವೋ? ಅಮೆರಿಕದಲ್ಲಿ ಈ ಪ್ರಶ್ನೆಗೆ ಉದ್ದದ ಚರಿತ್ರೆಯಿದೆ. ಗಂಡ ಹೆಂಡತಿಯ ದುಡಿಮೆ ಇಬ್ಬರದೂ ಎಂದು ಒಪ್ಪುವ ರಾಜ್ಯಗಳಲ್ಲಿ ಆದಾಯವನ್ನು ಅರ್ಧರ್ಧ ಹಂಚಿ ತೋರಿಸಬಹುದೆಂದು ಸುಪ್ರೀಂ ಕೋರ್ಟು 1930ರಲ್ಲಿ, ವಾಷಿಂಗ್ಟನ್ ರಾಜ್ಯದ ಸೀಬೋರ್ನ್ ದಂಪತಿಯ ಮೊಕದ್ದಮೆಯಲ್ಲಿ ಹೇಳಿತು. ಉಳಿದ ರಾಜ್ಯಗಳ ದಂಪತಿಗಳಿಗೂ ಆ ಲಾಭ ಸಿಕ್ಕಿದ್ದು 1948ರ ಕಾಯ್ದೆಯಿಂದ. ಜಂಟಿ ರಿಟರ್ನ್‌ನ ಬಾಕಿಗೆ ಇಬ್ಬರೂ ಪೂರ್ತಿ ಹೊಣೆ ಎಂಬ ನಿಯಮ ಅದಕ್ಕೂ ಹತ್ತು ವರ್ಷ ಹಿಂದಿನದು, 1938ರದ್ದು. ಲಾಭ ಮತ್ತು ಹೊಣೆ ಹೀಗೆ ಜೊತೆಯಾದವು.

ಲಾಭ ದೊಡ್ಡದೇ. 2025ರ ವರ್ಷಕ್ಕೆ ಜಂಟಿ ರಿಟರ್ನ್‌ನ ಸ್ಟ್ಯಾಂಡರ್ಡ್ ಡಿಡಕ್ಷನ್ 31,500 ಡಾಲರ್. ಒಬ್ಬರೇ ದುಡಿಯುವ ಮನೆಯಲ್ಲಿ ಪ್ರತ್ಯೇಕವಾಗಿ ಸಲ್ಲಿಸಿದರೆ ಇದರಲ್ಲಿ ಅರ್ಧ ವ್ಯರ್ಥವಾಗುತ್ತದೆ, ಮಕ್ಕಳ ಕಾಲೇಜು ಓದಿಗೆ ಸಿಗುವ ರಿಯಾಯಿತಿಯೂ ಹೋಗುತ್ತದೆ. ಅದಕ್ಕೇ ಹೆಚ್ಚಿನವರು ಯೋಚಿಸದೆ ಜಂಟಿ ಎಂದು ಗುರುತು ಹಾಕುತ್ತಾರೆ. ಯೋಚಿಸಬೇಕಾದ್ದು ಎರಡು ಕಾರಣಕ್ಕೆ. ಪ್ರತ್ಯೇಕವಾಗಿ ಸಲ್ಲಿಸಿದ್ದನ್ನು ಮೂರು ವರ್ಷದೊಳಗೆ ಜಂಟಿಯಾಗಿ ತಿದ್ದಬಹುದು, ಆದರೆ ಏಪ್ರಿಲ್ 15ರ ಗಡುವು ದಾಟಿದ ಮೇಲೆ ಜಂಟಿಯನ್ನು ಪ್ರತ್ಯೇಕ ಮಾಡಲಾಗದು. ಇನ್ನೊಂದು, ಗಂಡ ತಾನೊಬ್ಬನೇ ಪ್ರತ್ಯೇಕವಾಗಿ ಸಲ್ಲಿಸಿ ಸುಮ್ಮನಾದರೆ ಹೆಂಡತಿಯ ಹೊಣೆ ತೀರಿದಂತಲ್ಲ. ಪ್ರತ್ಯೇಕವಾಗಿ ಸಲ್ಲಿಸುವ ವಿವಾಹಿತರು ಎಷ್ಟು ಆದಾಯವಿದ್ದರೆ ರಿಟರ್ನ್ ಕೊಡಬೇಕು ಗೊತ್ತೆ? 5 ಡಾಲರ್. ಊರಿನ ಉಳಿತಾಯ ಖಾತೆಯಲ್ಲಿ ಬಿದ್ದ ಐನೂರು ರೂಪಾಯಿ ಬಡ್ಡಿ ಆ ಗೆರೆಯನ್ನು ದಾಟಿಸುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್ ಸೇರಿ ಒಂಬತ್ತು ರಾಜ್ಯಗಳಲ್ಲಿ ದಂಪತಿಯ ದುಡಿಮೆ ಅರ್ಧರ್ಧ ಎಂದು ಕಾನೂನು ನೋಡುವುದರಿಂದ, ಅಲ್ಲಿ ಪ್ರತ್ಯೇಕವಾಗಿ ಸಲ್ಲಿಸುವ ಹೆಂಡತಿ ಗಂಡನ ಸಂಬಳದ ಅರ್ಧವನ್ನೂ ತನ್ನ ರಿಟರ್ನ್‌ನಲ್ಲಿ ತೋರಿಸಬೇಕಾಗುತ್ತದೆ.

ಮದುವೆಯ ದಿನಾಂಕವೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್ 31ರಂದು ವಿವಾಹಿತರಾಗಿದ್ದರೆ ಇಡೀ ವರ್ಷ ವಿವಾಹಿತರು. ಗ್ರೀನ್ ಕಾರ್ಡ್ ಇರುವ ಹುಡುಗ ರಜೆ ಹಾಕಿ ಬಂದು, ಧನುರ್ಮಾಸ ಹಿಡಿಯುವ ಮೊದಲು ಮೈಸೂರಿನ ಕಲ್ಯಾಣಮಂಟಪವೊಂದರಲ್ಲಿ ತಾಳಿ ಕಟ್ಟಿ ವಾಪಸಾದ ಎನ್ನಿ. ಹೆಂಡತಿ ಗ್ರೀನ್ ಕಾರ್ಡ್ ಇರುವವರ ಸಂಗಾತಿಗಳ ಎಫ್2ಎ ಸರತಿಯಲ್ಲಿ ಊರಲ್ಲೇ ಕಾಯುತ್ತಿದ್ದಾಳೆ. ಆ ವರ್ಷ ಅವನು ‘ಸಿಂಗಲ್’ ಎಂದು ಸಲ್ಲಿಸುವಂತಿಲ್ಲ. ಪ್ರತ್ಯೇಕವಾಗಿ ಸಲ್ಲಿಸಬಹುದು. ಇಲ್ಲವೇ 1976ರಲ್ಲಿ ಬಂದ ಒಂದು ಅವಕಾಶವನ್ನು ಬಳಸಿ, ಅಮೆರಿಕದ ನೆಲ ಮೆಟ್ಟದ ಹೆಂಡತಿಯನ್ನೂ ನಿವಾಸಿಯೆಂದು ಪರಿಗಣಿಸಿ ಎಂದು ಇಬ್ಬರೂ ಸಹಿ ಮಾಡಿದ ಹೇಳಿಕೆ ಲಗತ್ತಿಸಿ ಜಂಟಿಯಾಗಿ ಸಲ್ಲಿಸಬಹುದು. ತೆರಿಗೆ ಉಳಿಯುತ್ತದೆ, ಆದರೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಆ ಹುಡುಗಿಯ ಸಂಬಳ, ಎಫ್‌ಡಿ ಬಡ್ಡಿ, ಷೇರಿನ ಲಾಭ ಎಲ್ಲವೂ ಅಮೆರಿಕದ ಲೆಕ್ಕಕ್ಕೆ ಬರುತ್ತವೆ. ಈ ಆಯ್ಕೆಯನ್ನು ಒಮ್ಮೆ ಹಿಂದೆಗೆದುಕೊಂಡರೆ ಇಬ್ಬರಲ್ಲಿ ಯಾರೂ ಮತ್ತೆಂದೂ ಅದನ್ನು ಬಳಸುವಂತಿಲ್ಲ. ಇಂಥ ಕಾಗದಕ್ಕೆ ಊರಲ್ಲಿರುವ ಹುಡುಗಿ ಸ್ಕ್ಯಾನ್ ಮಾಡಿದ ಸಹಿ ಕಳಿಸುವ ಮುಂಚೆ ತನ್ನ ಯಾವ ಆದಾಯ ಎಲ್ಲಿ ನಮೂದಾಗುತ್ತದೆ ಎಂದು ಕೇಳುವುದು ಆಕೆಯ ಹಕ್ಕು.

ಇನ್ನು ಊರಿನ ಆಸ್ತಿ. ಸಂಗಾತಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ, ಯಾಕೆಂದರೆ ಗಂಡನ ಸಂಬಳ ಕಂಪನಿ ಕೊಡುವ ಡಬ್ಲ್ಯೂ-2 ಫಾರಂನಲ್ಲಿ ತಾನಾಗಿಯೇ ಬರುತ್ತದೆ. ಹೆಂಡತಿಯ ಹೆಸರಲ್ಲಿ ತವರಿನಲ್ಲಿ ಏನಿದೆ ಎಂಬುದು ಯಾವ ಕಾಗದದಲ್ಲೂ ಬರುವುದಿಲ್ಲ. ಮದುವೆಗೆ ಮುಂಚಿನ ಸಂಬಳದ ಖಾತೆ, ಅಪ್ಪ ಮಾಡಿಸಿದ ಎಫ್‌ಡಿ, ಅಂಚೆ ಕಚೇರಿಯ ಪಿಪಿಎಫ್, ತಿಂಗಳಿಗೆ ಎರಡು ಸಾವಿರದ ಎಸ್‌ಐಪಿ, ಎಲ್‌ಐಸಿ ಪಾಲಿಸಿ. ಭಾರತದಲ್ಲಿ ಇವುಗಳಲ್ಲಿ ಕೆಲವಕ್ಕೆ ತೆರಿಗೆಯೇ ಇಲ್ಲ. ಪಿಪಿಎಫ್ ಬಡ್ಡಿ, ಎನ್‌ಆರ್‌ಇ ಖಾತೆಯ ಬಡ್ಡಿ, ಅಡಿಕೆ ತೋಟದ ಆದಾಯ ಮೂರೂ ಅಲ್ಲಿ ಮುಕ್ತ. ಅಮೆರಿಕಕ್ಕೆ ಆ ವಿನಾಯಿತಿ ಲೆಕ್ಕಕ್ಕಿಲ್ಲ, ಮೂರಕ್ಕೂ ತೆರಿಗೆ ಉಂಟು. ಭಾರತದಲ್ಲಿ ತೆರಿಗೆ ಕಟ್ಟಿಯೇ ಇಲ್ಲವಾದ್ದರಿಂದ ಅದನ್ನು ಅಮೆರಿಕದ ತೆರಿಗೆಯಲ್ಲಿ ಕಳೆದುಕೊಳ್ಳುವ ಪ್ರಶ್ನೆಯೂ ಇಲ್ಲ.

ತೆರಿಗೆ ಕಟ್ಟಿದ ಕಡೆ 1989ರ ಭಾರತ-ಅಮೆರಿಕ ಒಪ್ಪಂದ ಕೈಹಿಡಿಯುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಎನ್‌ಆರ್‌ಒ ಖಾತೆಯ ಬಡ್ಡಿಯ ಮೇಲೆ ಬ್ಯಾಂಕು ಶೇ. 30 ಟಿಡಿಎಸ್ ಹಿಡಿಯುತ್ತದೆ. ಒಪ್ಪಂದದ ಪ್ರಕಾರ ಭಾರತ ಹಿಡಿಯಬಹುದಾದ್ದು ಶೇ. 15. ‘ಊರಲ್ಲಿ ಮೂವತ್ತು ಹೋಗಿದೆಯಲ್ಲ, ಇಲ್ಲಿ ಅದನ್ನೇ ತೋರಿಸೋಣ’ ಎಂದರೆ ನಡೆಯುವುದಿಲ್ಲ. ಹದಿನೈದಕ್ಕಿಂತ ಮೇಲಿನದು ಕಟ್ಟಲೇಬೇಕಾಗಿದ್ದ ತೆರಿಗೆಯಲ್ಲ ಎಂದು ಅಮೆರಿಕ ಅದನ್ನು ಬಿಟ್ಟುಬಿಡುತ್ತದೆ. ಅದನ್ನು ಭಾರತದಲ್ಲಿ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬೇಕು. ಭಾರತದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಅಮೆರಿಕದ್ದು ಜನವರಿಯಿಂದ ಡಿಸೆಂಬರ್‌ವರೆಗೆ. ಹಾಗಾಗಿ ಬ್ಯಾಂಕು ಕೊಡುವ ವಾರ್ಷಿಕ ಪ್ರಮಾಣಪತ್ರ ನೇರವಾಗಿ ಉಪಯೋಗಕ್ಕೆ ಬಾರದು, ಪಾಸ್‌ಬುಕ್ಕಿನ ತಿಂಗಳವಾರು ನಮೂದುಗಳನ್ನೇ ಕೂಡಬೇಕು. ಇದರ ಮೇಲೆ ರಾಜ್ಯದ ತೆರಿಗೆ ಬೇರೆ. ಕ್ಯಾಲಿಫೋರ್ನಿಯಾ ವಿದೇಶದಲ್ಲಿ ಕಟ್ಟಿದ ತೆರಿಗೆಯನ್ನು ಒಂದು ಡಾಲರ್‌ನಷ್ಟೂ ಕಳೆದುಕೊಡುವುದಿಲ್ಲ. ಬೇ ಏರಿಯಾದ ಕನ್ನಡಿಗರಿಗೆ ಇದು ಪ್ರತಿವರ್ಷದ ಪೆಟ್ಟು.

ಎಸ್‌ಐಪಿ ಕಥೆ ಇನ್ನೂ ಕಠಿಣ. ಭಾರತದ ಮ್ಯೂಚುವಲ್ ಫಂಡುಗಳನ್ನು ಅಮೆರಿಕದ ಕಾನೂನು 1986ರಿಂದ ಪಿಎಫ್‌ಐಸಿ ಎಂಬ ವರ್ಗದಲ್ಲಿ ಇಡುತ್ತದೆ. ವಿದೇಶಿ ಫಂಡುಗಳಲ್ಲಿ ಲಾಭ ಅಡಗಿಸಿ ತೆರಿಗೆ ಮುಂದೂಡುವ ಶ್ರೀಮಂತರನ್ನು ತಡೆಯಲು ಹೊರಟ ನಿಯಮ ಇದು. ಮುಂಚಿತವಾಗಿ ಬೇರೆ ವಿಧಾನ ಆರಿಸಿಕೊಳ್ಳದಿದ್ದರೆ, ಮಾರಿದ ದಿನ ಬಂದ ಲಾಭವನ್ನು ಹಿಡಿದಿಟ್ಟ ವರ್ಷಗಳಿಗೆ ಹಂಚಿ, ಹಿಂದಿನ ವರ್ಷಗಳ ಪಾಲಿಗೆ ಅತಿ ಹೆಚ್ಚಿನ ದರದಲ್ಲಿ ತೆರಿಗೆ, ಮೇಲೆ ಬಡ್ಡಿ. ಪ್ರತಿ ಫಂಡಿಗೂ ಬೇರೆ ಬೇರೆ ಫಾರಂ 8621. ಚಿಕ್ಕ ಮೊತ್ತಕ್ಕೆ ವಿನಾಯಿತಿ ಇದೆ: ವರ್ಷಾಂತ್ಯಕ್ಕೆ ಇಂಥ ಫಂಡುಗಳ ಒಟ್ಟು ಮೌಲ್ಯ ಜಂಟಿ ರಿಟರ್ನ್‌ನಲ್ಲಿ 50,000 ಡಾಲರ್ ಒಳಗಿದ್ದು, ಆ ವರ್ಷ ಮಾರಾಟವಾಗಲಿ ದೊಡ್ಡ ಹಂಚಿಕೆಯಾಗಲಿ ಇಲ್ಲದಿದ್ದರೆ ಫಾರಂ ಬೇಕಿಲ್ಲ. ಅಮೆರಿಕಕ್ಕೆ ಹೊರಡುವ ಮುಂಚೆಯೇ, ಅಂದರೆ ನಿವಾಸಿಯಾಗುವ ಮುಂಚೆಯೇ, ಫಂಡುಗಳನ್ನು ಮಾರಿಕೊಳ್ಳುವುದು ಎಷ್ಟೋ ವಾಸಿ. ಈ ಮಾತನ್ನು ಮದುವೆ ಮಾತುಕತೆಯ ಹೊತ್ತಿಗೇ ಯಾರಾದರೂ ಹೇಳಬೇಕು.

ವರದಿಯ ಹೊಣೆ ತೆರಿಗೆಯ ಹೊಣೆಗಿಂತ ಬೇರೆ. 1970ರ ಬ್ಯಾಂಕ್ ರಹಸ್ಯ ಕಾಯ್ದೆಯಡಿ, ವಿದೇಶದ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಈ ಮಿತಿ ದಶಕಗಳಿಂದ ಹೀಗೇ ಇದೆ. ಇದು ಹೋಗುವುದು ಆದಾಯ ತೆರಿಗೆ ರಿಟರ್ನ್ ಜೊತೆಗಲ್ಲ, ಖಜಾನೆಯ ಬೇರೊಂದು ವಿಭಾಗಕ್ಕೆ. ಜಂಟಿ ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ಎಫ್‌ಬಾರ್ ಜಂಟಿಯಾಗುವುದಿಲ್ಲ. ಹೆಂಡತಿಯ ಎಲ್ಲ ಖಾತೆಗಳೂ ಗಂಡನ ಜೊತೆಗಿನ ಜಂಟಿ ಖಾತೆಗಳೇ ಆಗಿದ್ದರೆ, ಆಕೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದರೆ ಮಾತ್ರ ಗಂಡನ ಎಫ್‌ಬಾರ್ ಇಬ್ಬರಿಗೂ ಸಾಕು. ತವರಿನಲ್ಲಿ ಆಕೆಯೊಬ್ಬಳದೇ ಒಂದು ಖಾತೆ ಇದ್ದರೂ ಆಕೆ ತನ್ನದನ್ನು ತಾನೇ ಸಲ್ಲಿಸಬೇಕು.

ಹತ್ತು ಸಾವಿರ ಡಾಲರೆಂದರೆ ಎಂಟೂವರೆ ಒಂಬತ್ತು ಲಕ್ಷ ರೂಪಾಯಿ. ‘ನನ್ನ ಹತ್ತಿರ ಎಲ್ಲಿದೆ ಅಷ್ಟು?’ ಎನ್ನುವ ಹೆಣ್ಣುಮಗಳು ನೋಡಬೇಕಾದ್ದು ಅಮ್ಮನ ಪಾಸ್‌ಬುಕ್ಕನ್ನು. ಅಪ್ಪ ತೀರಿಕೊಂಡ ಮೇಲೆ ಬ್ಯಾಂಕಿನ ಮ್ಯಾನೇಜರು ಹೇಳಿದರೆಂದು ಅಮ್ಮ ತನ್ನ ಎಫ್‌ಡಿಗಳಿಗೆಲ್ಲ ಮಗಳ ಹೆಸರನ್ನು ‘ಐದರ್ ಆರ್ ಸರ್ವೈವರ್’ ಎಂದು ಸೇರಿಸಿರುತ್ತಾರೆ. ಹಣ ಅಮ್ಮನದು, ಬಡ್ಡಿ ಅಮ್ಮನ ಔಷಧಿಗೆ. ಆದರೂ ಅದು ಮಗಳು ವರದಿ ಮಾಡಬೇಕಾದ ಖಾತೆ, ಅದರ ಪೂರ್ತಿ ಮೊತ್ತ ಆಕೆಯ ಲೆಕ್ಕಕ್ಕೆ. ಬರೀ ನಾಮಿನಿಯಾಗಿದ್ದರೆ ಈ ಹೊಣೆ ಇಲ್ಲ. ಆದ್ದರಿಂದ ಅಮ್ಮನಿಗೆ ಫೋನು ಮಾಡಿ ಬಾಂಡಿನ ಮೇಲೆ ಮಗಳ ಹೆಸರು ಯಾವ ಕಡೆ ಅಚ್ಚಾಗಿದೆ ಎಂದು ಓದಿಸಿಕೊಳ್ಳುವುದು ಒಳ್ಳೆಯದು. ರಿಟರ್ನ್‌ನ ಶೆಡ್ಯೂಲ್ ಬಿ ಎಂಬ ಹಾಳೆಯ ಮೂರನೇ ಭಾಗದಲ್ಲೂ ಒಂದು ಪ್ರಶ್ನೆ ಇದೆ: ವಿದೇಶದಲ್ಲಿ ನಿಮಗೆ ಹಣದ ಹಕ್ಕು ಅಥವಾ ಸಹಿಯ ಅಧಿಕಾರ ಇರುವ ಖಾತೆ ಇದೆಯೇ? ಹೌದು, ಇಲ್ಲ ಎಂಬ ಎರಡು ಚೌಕಗಳು. ಜಂಟಿ ರಿಟರ್ನ್‌ನಲ್ಲಿ ಅಮ್ಮನ ಎಫ್‌ಡಿ ಗೊತ್ತಿಲ್ಲದ ಅಳಿಯ ‘ಇಲ್ಲ’ ಎಂದು ಒತ್ತುತ್ತಾನೆ. ಆ ಉತ್ತರಕ್ಕೆ ಮಗಳೂ ಸಹಿ ಹಾಕಿದಂತಾಗುತ್ತದೆ.

2010ರ ಫಾಟ್ಕಾ ಕಾಯ್ದೆ ಇದಕ್ಕೆ ಫಾರಂ 8938 ಎಂಬ ಇನ್ನೊಂದು ಹಾಳೆ ಸೇರಿಸಿತು. ಅಮೆರಿಕದಲ್ಲೇ ವಾಸವಿರುವ ದಂಪತಿ ಜಂಟಿಯಾಗಿ ಸಲ್ಲಿಸುವಾಗ ವರ್ಷದ ಕೊನೆಯ ದಿನ 1 ಲಕ್ಷ ಡಾಲರ್ ಅಥವಾ ನಡುವೆ ಎಂದಾದರೂ 1.5 ಲಕ್ಷ ಡಾಲರ್ ದಾಟಿದ್ದರೆ ಇದು ಬೇಕು. 2015ರ ಒಪ್ಪಂದದ ನಂತರ ಭಾರತದ ಬ್ಯಾಂಕುಗಳೇ ಅಮೆರಿಕದ ತೆರಿಗೆದಾರರ ಖಾತೆಗಳ ವಿವರ ಕಳಿಸುತ್ತಿವೆ. ಕೆವೈಸಿ ನವೀಕರಣದ ವೇಳೆ ‘ಬೇರೆ ದೇಶದ ತೆರಿಗೆ ನಿವಾಸಿಯೇ’ ಎಂದು ಬ್ಯಾಂಕು ಕೇಳುವುದು ಇದಕ್ಕೇ. ಎಫ್‌ಬಾರ್ ದಂಡ ಎಷ್ಟು ಭಾರವಾಗಬಹುದು ಎಂಬುದಕ್ಕೆ ರೊಮೇನಿಯಾ ಮೂಲದ ಅಲೆಕ್ಸಾಂಡ್ರು ಬಿಟ್ನರ್ ಪ್ರಕರಣ ಸಾಕ್ಷಿ. ಅಮೆರಿಕದ ಪೌರತ್ವ ಪಡೆದು 1990ರಲ್ಲಿ ತಾಯ್ನಾಡಿಗೆ ಮರಳಿದ್ದ ಅವರು ಐದು ವರ್ಷದ ಎಫ್‌ಬಾರ್ ಸಕಾಲಕ್ಕೆ ಸಲ್ಲಿಸಿರಲಿಲ್ಲ. ಬೇಕೆಂದು ಮಾಡಿದ್ದಲ್ಲ ಎಂದು ಸರ್ಕಾರವೇ ಒಪ್ಪಿದರೂ 272 ಖಾತೆಗಳಿಗೆ ತಲಾ 10,000ದಂತೆ 27.2 ಲಕ್ಷ ಡಾಲರ್ ದಂಡ ಕೇಳಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಿಂದ, ದಂಡ ಖಾತೆಗೊಂದಲ್ಲ, ವರದಿಗೊಂದು ಎಂದು ತೀರ್ಪಿತ್ತಿತು. ದಂಡ 50,000ಕ್ಕೆ ಇಳಿಯಿತು. ಒಂದೊಂದು ಬ್ಯಾಂಕಿನಲ್ಲಿ ಆರೇಳು ಎಫ್‌ಡಿ ಇಡುವ ನಮ್ಮ ಮನೆಗಳಿಗೆ ಈ ತೀರ್ಪು ದೊಡ್ಡ ಉಪಕಾರ.

ಯಾವುದು ವರದಿಗೆ ಬಾರದು ಎಂಬುದೂ ಗೊತ್ತಿರಲಿ. ಲಾಕರಿನಲ್ಲಿಟ್ಟ ಮದುವೆಯ ಒಡವೆ, ನೇರವಾಗಿ ಹೆಸರಿನಲ್ಲಿರುವ ಸೈಟು, ಗದ್ದೆ, ಮನೆ ಎಫ್‌ಬಾರ್‌ಗೂ ಫಾರಂ 8938ಕ್ಕೂ ಬೇಕಿಲ್ಲ. ಮನೆಯ ಬಾಡಿಗೆ, ತೋಟದ ಆದಾಯ, ಮಾರಿದಾಗಿನ ಲಾಭ ಮಾತ್ರ ರಿಟರ್ನ್‌ಗೆ ಬರಬೇಕು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಾದ್ಯಂತ 2005ರಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ಬಂದಿದೆ. ಹಾಗಾಗಿ ತವರಿನ ಆಸ್ತಿ ವಿಭಾಗವಾಗಿ ಹಣ ಬರುವ ಸಂದರ್ಭಗಳು ಈಗ ಹೆಚ್ಚು. ಅಪ್ಪನ ಮರಣದ ನಂತರ ಬಂದ ಸೈಟಿನ ಬೆಲೆಯನ್ನು ಅಮೆರಿಕ ಸಾಮಾನ್ಯವಾಗಿ ಮರಣದ ದಿನದ ಮಾರುಕಟ್ಟೆ ದರದಿಂದ ಎಣಿಸುತ್ತದೆ. ಅಪ್ಪ ಬದುಕಿದ್ದಾಗಲೇ ದಾನಪತ್ರ ಮಾಡಿಕೊಟ್ಟರೆ ಅವರು ಕೊಂಡ ಹಳೆಯ ಬೆಲೆಯಿಂದ ಎಣಿಸುತ್ತದೆ. ಎಂಬತ್ತರ ದಶಕದಲ್ಲಿ ಕೊಂಡ ಸೈಟಿನ ವಿಷಯದಲ್ಲಿ ಇದು ಲಕ್ಷಾಂತರ ಡಾಲರ್‌ಗಳ ವ್ಯತ್ಯಾಸ. ಊರಿಂದ ವರ್ಷಕ್ಕೆ 1 ಲಕ್ಷ ಡಾಲರ್ ಮೀರಿ ಉಡುಗೊರೆ ಬಂದರೆ ತೆರಿಗೆಯಿಲ್ಲ, ಆದರೆ ಫಾರಂ 3520 ಸಲ್ಲಿಸಬೇಕು. ತಪ್ಪಿದರೆ ದಂಡ ಮೊತ್ತದ ಶೇ. 25ರವರೆಗೆ ಹೋಗಬಹುದು.

ಗ್ರೀನ್ ಕಾರ್ಡ್ ಬಂದ ಮೇಲೆ ಸಂಗಾತಿ ಸುಮ್ಮನೆ ಕೂರುವುದೂ ಕಡಿಮೆ. ಬೇಸ್‌ಮೆಂಟಿನಲ್ಲಿ ಸಂಗೀತ ಪಾಠ, ಗಣಿತದ ಟ್ಯೂಷನ್, ಹಬ್ಬಕ್ಕೆ ಹೋಳಿಗೆಯ ಆರ್ಡರ್. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಉಳಿದರೆ ಶೇ. 15.3ರ ಸ್ವಉದ್ಯೋಗ ತೆರಿಗೆ ಕಟ್ಟಬೇಕು, ಅದೂ ಆಕೆಯ ಹೆಸರಿನಲ್ಲಿ ಬೇರೆ ಶೆಡ್ಯೂಲ್ ತುಂಬಿ. ‘ಝೆಲ್‌ನಲ್ಲಿ ಬಂದ ನಾಲ್ಕು ಕಾಸಿಗೆ ಇದೆಲ್ಲ ಯಾಕೆ’ ಎಂದು ಗಂಡಂದಿರು ಅದನ್ನು ಬಿಡಿಸುತ್ತಾರೆ. ಇದು ಆಕೆಗೆ ನಷ್ಟ. 2025ರಲ್ಲಿ ಪ್ರತಿ 1,810 ಡಾಲರ್‌ಗೆ ಒಂದರಂತೆ ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸೋಷಿಯಲ್ ಸೆಕ್ಯುರಿಟಿ ಕ್ರೆಡಿಟ್ ಸಿಗುತ್ತವೆ. ನಲವತ್ತಾದರೆ ಆಕೆಗೆ ಸ್ವಂತ ಪಿಂಚಣಿ, ಜೊತೆಗೆ ಪ್ರೀಮಿಯಂ ಇಲ್ಲದ ಮೆಡಿಕೇರ್ ಪಾರ್ಟ್ ಎ. ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲವಾದ್ದರಿಂದ ಊರಲ್ಲಿ ಕಟ್ಟಿದ ಪಿಎಫ್ ವರ್ಷಗಳು ಇಲ್ಲಿ ಸೇರುವುದಿಲ್ಲ. ಗಂಡನ ದಾಖಲೆಯ ಮೇಲೆ ವಿಚ್ಛೇದಿತೆಗೆ ಪಿಂಚಣಿ ಸಿಗಬೇಕಾದರೆ ಮದುವೆ ಹತ್ತು ವರ್ಷ ಬಾಳಿರಬೇಕು. ಸಂಗೀತ ಪಾಠದ ಆದಾಯವನ್ನು ತೋರಿಸುವುದು ಆಕೆಯ ಮುಪ್ಪಿನ ಭದ್ರತೆಗೇ ಹೊರತು ಸರ್ಕಾರದ ಉಪಕಾರಕ್ಕಲ್ಲ.

ವಲಸೆ ಇಲಾಖೆಯೂ ಈ ಕಾಗದಗಳನ್ನು ಓದುತ್ತದೆ. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಮದುವೆಯ ಆಧಾರದ ಮೇಲೆ ಸಿಗುವ ಗ್ರೀನ್ ಕಾರ್ಡ್ ಷರತ್ತಿನದು. ಷರತ್ತು ತೆಗೆಸುವ ಅರ್ಜಿಗೆ ಜಂಟಿ ರಿಟರ್ನ್‌ಗಳು ಸಂಸಾರ ನಿಜವೆಂಬುದಕ್ಕೆ ಬಲವಾದ ಪುರಾವೆ. ಗ್ರೀನ್ ಕಾರ್ಡ್ ಇಟ್ಟುಕೊಂಡೇ ಅನಿವಾಸಿ ಎಂದು ರಿಟರ್ನ್ ಸಲ್ಲಿಸಿದರೆ, ಅಥವಾ ಅನಿವಾಸಿಯೆಂಬ ಕಾರಣಕ್ಕೆ ಸಲ್ಲಿಸದೇ ಬಿಟ್ಟರೆ, ಕಾಯಂ ವಾಸವನ್ನು ಬಿಟ್ಟುಕೊಟ್ಟಂತೆ ಎಂಬ ಅನುಮಾನ ಪೌರತ್ವದ ಅರ್ಜಿಯಲ್ಲಿ ಎದುರಾಗುತ್ತದೆ.

ಜಂಟಿ ಸಹಿಯ ಹೊಣೆ ಅತಿ ಕ್ರೂರವಾಗಿ ಕಾಣುವುದು ಮದುವೆ ಮುರಿದಾಗ. ಗಂಡ ಮುಚ್ಚಿಟ್ಟ ಆದಾಯದ ತೆರಿಗೆಯನ್ನು ಇಲಾಖೆ ಹೆಂಡತಿಯಿಂದಲೇ ಪೂರ್ತಿ ವಸೂಲು ಮಾಡಬಹುದು. ವಿಚ್ಛೇದನದ ತೀರ್ಪಿನಲ್ಲಿ ‘ತೆರಿಗೆ ಗಂಡನದು’ ಎಂದು ಬರೆದಿದ್ದರೂ ಅದು ಇಲಾಖೆಯನ್ನು ಕಟ್ಟಿಹಾಕದು. ಪರಿಹಾರ 1971ರಿಂದಲೇ ಇದೆ, 1998ರ ಸುಧಾರಣೆ ಅದನ್ನು ವಿಸ್ತರಿಸಿತು. ಫಾರಂ 8857 ಸಲ್ಲಿಸಿ, ತಪ್ಪು ತನಗೆ ಗೊತ್ತಿರಲಿಲ್ಲ, ಗೊತ್ತಾಗಲು ಕಾರಣವೂ ಇರಲಿಲ್ಲ ಎಂದು ತೋರಿಸಿದರೆ ಹೊಣೆಯಿಂದ ಬಿಡುಗಡೆ ಕೇಳಬಹುದು. ಮನೆಯೊಳಗಿನ ಹಿಂಸೆ, ಹಣದ ಮೇಲೆ ಗಂಡನ ಪೂರ್ಣ ಹಿಡಿತ ಇದ್ದರೆ ಇಲಾಖೆ ಅದನ್ನೂ ತೂಗುತ್ತದೆ. ಹೆದರಿಸಿ ಪಡೆದ ಸಹಿಯಾಗಿದ್ದರೆ ಅದು ಜಂಟಿ ರಿಟರ್ನೇ ಅಲ್ಲ. ಓದು ಬಲ್ಲ ಹೆಣ್ಣುಮಗಳು ‘ನಾನು ನೋಡಲೇ ಇಲ್ಲ’ ಎಂದಷ್ಟೇ ಹೇಳಿದರೆ ಮಾತ್ರ ನಿಲ್ಲುವುದು ಕಷ್ಟ. ಜಂಟಿ ರಿಟರ್ನ್‌ನ ದಾಖಲೆಯನ್ನು ಗಂಡನ ಅನುಮತಿಯಿಲ್ಲದೆ ಆಕೆ ಇಲಾಖೆಯಿಂದ ನೇರವಾಗಿ ತರಿಸಿಕೊಳ್ಳಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂಗ್ಲಿಷ್ ಬಾರದವರು ಇಲಾಖೆಯ ಪತ್ರಗಳನ್ನು ತಮ್ಮ ಭಾಷೆಯಲ್ಲಿ ಕೇಳಲು ರಿಟರ್ನ್‌ಗೆ ಲಗತ್ತಿಸುವ ಒಂದು ಹಾಳೆಯಿದೆ. ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಅದರ ಪಟ್ಟಿಯಲ್ಲಿವೆ. ಕನ್ನಡ ಇಲ್ಲ. ನಮ್ಮ ಕೂಟಗಳ ಯುಗಾದಿ ಕಾರ್ಯಕ್ರಮ ಸರಿಯಾಗಿ ತೆರಿಗೆಯ ಕಾಲದಲ್ಲೇ ಬರುತ್ತದೆ. ಅಲ್ಲೊಂದು ಮೇಜು ಹಾಕಿ ಕನ್ನಡದಲ್ಲಿ ಇದನ್ನೆಲ್ಲ ವಿವರಿಸುವ ಏರ್ಪಾಡು ಆಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ಅತ್ತೆ ಮಾವನ ಆರೈಕೆಗೆಂದು ಹೆಂಡತಿ ಧಾರವಾಡಕ್ಕೆ ಬಂದು ಮೂರು ವರ್ಷ ಉಳಿದರೂ, ಕಾರ್ಡಿನ ಅವಧಿಯೇ ತೀರಿದರೂ ತೆರಿಗೆಯ ಹೊಣೆ ತಾನಾಗಿ ಹೋಗದು. ಫಾರಂ ಐ-407 ಕೊಟ್ಟು ಕಾರ್ಡನ್ನು ಒಪ್ಪಿಸಬೇಕು, ಇಲ್ಲವೇ ಸರ್ಕಾರವೋ ನ್ಯಾಯಾಲಯವೋ ರದ್ದುಪಡಿಸಬೇಕು, ಅಥವಾ ಒಪ್ಪಂದದಡಿ ಭಾರತದ ನಿವಾಸಿಯೆಂದು ಘೋಷಿಸಿಕೊಳ್ಳಬೇಕು. ಹದಿನೈದರಲ್ಲಿ ಎಂಟು ತೆರಿಗೆ ವರ್ಷ ಗ್ರೀನ್ ಕಾರ್ಡ್ ಇದ್ದವರಿಗೆ ಹೀಗೆ ಬಿಡುವುದು ಇನ್ನೂ ದುಬಾರಿಯಾಗಬಹುದು. ವರ್ಷದಲ್ಲಿ ಒಂದು ದಿನ ಇದ್ದರೂ ಅದು ಒಂದು ವರ್ಷವೇ. ಆಸ್ತಿಯ ನಿವ್ವಳ ಮೌಲ್ಯ 20 ಲಕ್ಷ ಡಾಲರ್ ದಾಟಿದ್ದರೆ ಎಲ್ಲವನ್ನೂ ಆ ದಿನ ಮಾರಿದಂತೆ ಎಣಿಸಿ ನಿರ್ಗಮನ ತೆರಿಗೆ ಹಾಕುವ ನಿಯಮ 2008ರಿಂದ ಇದೆ. ಅಷ್ಟು ಆಸ್ತಿ ಇಲ್ಲದವರೂ ಹಿಂದಿನ ಐದು ವರ್ಷ ತೆರಿಗೆಯ ಎಲ್ಲ ನಿಯಮ ಪಾಲಿಸಿದ್ದೇನೆಂದು ಪ್ರಮಾಣೀಕರಿಸಲು ಆಗದಿದ್ದರೆ ಅದೇ ಬಲೆಗೆ ಬೀಳುತ್ತಾರೆ.

ಸಾವಿನ ವಿಷಯ ಮಾತಾಡಲು ಯಾರಿಗೂ ಇಷ್ಟವಿಲ್ಲ. ಆದರೆ ಪೌರತ್ವ ಮತ್ತು ಗ್ರೀನ್ ಕಾರ್ಡ್ ನಡುವಿನ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ. ಪೌರರಾದ ಸಂಗಾತಿಗೆ ಎಷ್ಟು ಕೊಟ್ಟರೂ, ಬಿಟ್ಟುಹೋದರೂ ತೆರಿಗೆ ಇಲ್ಲ. ಗ್ರೀನ್ ಕಾರ್ಡ್ ಸಂಗಾತಿಗೆ ತೆರಿಗೆಯಿಲ್ಲದೆ ಕೊಡಬಹುದಾದ ಉಡುಗೊರೆಗೆ ವಾರ್ಷಿಕ ಮಿತಿಯಿದೆ, 2025ರಲ್ಲಿ 1,90,000 ಡಾಲರ್. ಉಯಿಲಿನ ಪಾಲಿಗೆ ವಿನಾಯಿತಿ ಬೇಕಾದರೆ ವಿಶೇಷ ಟ್ರಸ್ಟ್ ಮಾಡಬೇಕು. ಕೇಂದ್ರದ ಮರಣ ತೆರಿಗೆ 2025ರಲ್ಲಿ 1.399 ಕೋಟಿ ಡಾಲರ್ ಮೇಲಷ್ಟೇ ಎಂದು ಸಮಾಧಾನಪಡಬಹುದು. ಆದರೆ ಒರೆಗಾನ್ ರಾಜ್ಯದಲ್ಲಿ ಮಿತಿ 10 ಲಕ್ಷ, ಮ್ಯಾಸಚೂಸೆಟ್ಸ್‌ನಲ್ಲಿ 20 ಲಕ್ಷ. ಬಾಸ್ಟನ್ ಸುತ್ತಮುತ್ತ ಮನೆ, ನಿವೃತ್ತಿ ಖಾತೆ, ವಿಮೆ ಸೇರಿದರೆ ಸಂಬಳದಾರರೂ ಅಲ್ಲಿಗೆ ಮುಟ್ಟುತ್ತಾರೆ.

ಇಷ್ಟು ವರ್ಷ ತಿಳಿಯದೆ ಬಿಟ್ಟವರಿಗೆ ದಾರಿ ಇದೆ. 2012ರಲ್ಲಿ ಶುರುವಾಗಿ 2014ರಲ್ಲಿ ಅಮೆರಿಕದಲ್ಲಿರುವವರಿಗೂ ವಿಸ್ತರಿಸಿದ ‘ಸ್ಟ್ರೀಮ್‌ಲೈನ್ಡ್’ ವಿಧಾನದಲ್ಲಿ ಮೂರು ವರ್ಷದ ರಿಟರ್ನ್ ತಿದ್ದಿ, ಆರು ವರ್ಷದ ಎಫ್‌ಬಾರ್ ಸಲ್ಲಿಸಿ, ಬಿಟ್ಟುಹೋಗಿದ್ದ ವಿದೇಶಿ ಹಣಕಾಸು ಆಸ್ತಿಯ ಮೇಲೆ ಶೇ. 5 ದಂಡ ಕಟ್ಟಿದರೆ ಉಳಿದ ದಂಡಗಳಿಂದ ಪಾರಾಗಬಹುದು. ವಿದೇಶದಲ್ಲೇ ನೆಲೆಸಿರುವವರಿಗೆ ಆ ಐದೂ ಇಲ್ಲ. ಇಲಾಖೆ ತಾನಾಗಿ ಪರಿಶೀಲನೆ ಆರಂಭಿಸಿದ ಮೇಲೆ ಮಾತ್ರ ಈ ಅವಕಾಶ ಸಿಗದು. ಇದರ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ, ಬೇಕೆಂದು ಮುಚ್ಚಿಟ್ಟಿದ್ದಲ್ಲ ಎಂಬುದಕ್ಕೆ ನಡೆದ ಸಂಗತಿಗಳನ್ನು ವಿವರವಾಗಿ ಬರೆಯಬೇಕು. ದಂಪತಿ ಜಂಟಿಯಾಗಿ ಸಲ್ಲಿಸುವಾಗ ಇಬ್ಬರ ಕಾರಣಗಳೂ ಬೇರೆಯಾಗಿದ್ದರೆ ಒಬ್ಬೊಬ್ಬರದನ್ನೂ ಪ್ರತ್ಯೇಕವಾಗಿ ಬರೆಯಬೇಕೆಂದು ಫಾರಂ ಕೇಳುತ್ತದೆ. ಅಮ್ಮ ಯಾವ ವರ್ಷ ಹೆಸರು ಸೇರಿಸಿದರು, ಬ್ಯಾಂಕಿನ ಪತ್ರ ಯಾರ ವಿಳಾಸಕ್ಕೆ ಬರುತ್ತಿತ್ತು, ರಿಟರ್ನ್ ತಯಾರಿಸಿದವರು ಊರಿನ ಖಾತೆಯ ಬಗ್ಗೆ ಕೇಳಿದರೇ ಇಲ್ಲವೇ ಎಂಬುದನ್ನು ಆ ಭಾಗದಲ್ಲಿ ಹೆಂಡತಿಯೇ ಬರೆಯಬೇಕು. ಅದು ಗೊತ್ತಿರುವುದು ಆಕೆಗೆ ಮಾತ್ರ.